ರೈಲಿನ ಕಿಟಕಿ, ಲ್ಯಾಂಬ್ಟನ್ ಸರಪಳಿ, ಮೊಬೈಲ್ ಕ್ಯಾಮೆರಾ

ರಾಣೇಬೆನ್ನೂರು ಬಿಟ್ಟ ರೈಲು ಬ್ಯಾಡಗಿ ದಾಟಿ ಹಾವೇರಿ ಮುಟ್ಟುವವರೆಗೆ ಕಿಟಕಿ ಪಕ್ಕ ಕೂತು ನೋಡಿ. ಹಳಿ ಪಕ್ಕದ ಜಾಲಿಗಿಡ ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತಿರುತ್ತದೆ. ಯಾವುದು ಎಷ್ಟು ಸರಿಯಿತು ಅಂತ ಅಳೆದರೆ ನಾವು ಯಾವ ಕಡೆ ಹೊರಟಿದ್ದೇವೆ, ಎಷ್ಟು ತಿರುಗಿದೆವು ಅನ್ನೋದನ್ನು ಲೆಕ್ಕ ಹಾಕಬಹುದು. ಮೊಬೈಲಿನಲ್ಲಿ ನಮ್ಮ ಮನೆ ನೆಲದ ಮೇಲೆ ಇಲ್ಲದ ಕುರ್ಚಿ ಇಟ್ಟು ತೋರಿಸುವ 'ಆಗ್ಮೆಂಟೆಡ್ ರಿಯಾಲಿಟಿ' ನಿಂತಿರೋದು ಈ ಲೆಕ್ಕದ ಮೇಲೆಯೇ. ಕೈ ಅಲುಗಿದರೂ ಕುರ್ಚಿ ಅಲುಗಬಾರದಲ್ಲ :)

ಆದರೆ ಒಂದು ಕೊರತೆ ಇದೆ. ಒಂಟಿ ಕ್ಯಾಮೆರಾಗೆ ಅಳತೆ ಗೊತ್ತಾಗುವುದಿಲ್ಲ. ಆಟಿಕೆ ಗುಡಿಯ ಮುಂದೆ ಒಂದು ಗೇಣು ಸರಿದರೂ, ಹಾವೇರಿಯ ಸಿದ್ಧೇಶ್ವರ ಗುಡಿಯ ಮುಂದೆ ಹತ್ತು ಮಾರು ಸರಿದರೂ ಚಿತ್ರಗಳು ಒಂದೇ ಥರ ಬರಬಹುದು.

ಇದು ಕಂಪ್ಯೂಟರಿನವರ ಹೊಸ ತಲೆನೋವಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್‌ಗೂ ಇದೇ ಪಾಡು. ಬರೀ ಕೋನ ಅಳೆದರೆ ತ್ರಿಕೋನದ ಆಕಾರ ಸಿಗುತ್ತದೆ, ಗಾತ್ರ ಸಿಗೋದಿಲ್ಲ. ಅದಕ್ಕೇ 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಒಂದು ಗೆರೆಯನ್ನು ನೂರಡಿಯ ಉಕ್ಕಿನ ಸರಪಳಿ ಹಾಸಿ ಹಾಸಿ ಅಳೆದ. (ಆ ಸರಪಳಿ ಚೀನಾದ ದೊರೆಗೆ ಕಾಣಿಕೆ ಅಂತ ಹೋಗಿ, ಬೇಡವಾಗಿ ಉಳಿದದ್ದಂತೆ!)

ಲ್ಯಾಂಬ್ಟನ್‌ಗೆ ತಾನು ಯಾವ ಗುರುತು ನೋಡುತ್ತಿದ್ದೇನೆ ಅಂತಾದರೂ ಗೊತ್ತಿತ್ತು. ಕ್ಯಾಮೆರಾಗೆ ಅದೂ ಇಲ್ಲ. 1981ರಲ್ಲಿ ಲಾಂಗೆಟ್-ಹಿಗ್ಗಿನ್ಸ್ ಅನ್ನುವಾತ (ಮೂಲತಃ ರಸಾಯನಶಾಸ್ತ್ರದವ, ನೋಡಿ!) ಎರಡು ಚಿತ್ರಗಳಲ್ಲಿ ಎಂಟು ಚುಕ್ಕಿಗಳನ್ನು ಹೊಂದಿಸಿದರೆ ಕ್ಯಾಮೆರಾದ ಚಲನೆ ಸಿಗುತ್ತದೆ ಅಂತ ತೋರಿಸಿದ. ಅದೇ ವರ್ಷ ಲೂಕಸ್ ಮತ್ತು ಕನಾಡೆ ಚುಕ್ಕಿಯನ್ನು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸುವ ದಾರಿ ಕೊಟ್ಟರು. ಹೊಂದಿಸೋದೇ ಕಷ್ಟದ ಕೆಲಸ. ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ರಾಶಿ ನೆನೆಸಿಕೊಳ್ಳಿ. ಒಮ್ಮೆ ಕಣ್ಣು ತಪ್ಪಿದರೆ ಆಗ ನೋಡಿದ ಕಾಯಿ ಯಾವುದು ಅಂತ ಯಾರು ಹೇಳ್ತಾರೆ? ಸುಣ್ಣ ಹೊಡೆದ ಗೋಡೆಯಂತೂ ಇನ್ನೂ ಕಷ್ಟ, ಹಿಡಿಯೋಕೆ ಚುಕ್ಕಿಯೇ ಇಲ್ಲ.

2003ರಲ್ಲಿ ಆಂಡ್ರ್ಯೂ ಡೇವಿಸನ್ ಒಂದೇ ಕ್ಯಾಮೆರಾದಿಂದ ಕೂಡಲೇ ಲೆಕ್ಕ ಸಿಗುವಂತೆ ಮಾಡಿದ. 2007ರಲ್ಲಿ ಆಕ್ಸ್‌ಫರ್ಡಿನ ಕ್ಲೈನ್ ಮತ್ತು ಮರ್ರೆ ಕೆಲಸವನ್ನು ಎರಡು ಪಾಲು ಮಾಡಿದರು: ಒಂದು ಪಾಲು ಪ್ರತಿ ಚಿತ್ರದ ಬೆನ್ನು ಹತ್ತಿ ಓಡುತ್ತದೆ, ಇನ್ನೊಂದು ಶ್ಯಾನುಭೋಗರ ಹಾಗೆ ಕೂತು ನಿಧಾನಕ್ಕೆ ನಕ್ಷೆ ತಿದ್ದುತ್ತದೆ. ಆಪಲ್‌ನ ಎಆರ್‌ಕಿಟ್ (2017) ಥರದವು ಫೋನಿನ ವೇಗದ ಬದಲಾವಣೆ ಅಳೆಯುವ ಸೆನ್ಸರುಗಳನ್ನೂ ಸೇರಿಸಿಕೊಂಡವು. ಲ್ಯಾಂಬ್ಟನ್‌ನ ಸರಪಳಿ ಅಂದರೆ ಈಗ ಅದೇ.

ನಮ್ಮ ಪಕ್ಕದ ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಹಂಪಿಯ ಡಿಜಿಟಲ್ ಯೋಜನೆಗೆ ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಕೆಲಸ ಮಾಡಿದ್ದಾರೆ. ನಿಮ್ಮೂರ ಗುಡಿಯನ್ನು ನೀವೂ ಸುತ್ತಿ ಫೋಟೋ ತೆಗೆಯಬಹುದು. ತೆಗೆಯುವಾಗ ಕಂಬದ ಬುಡದಲ್ಲಿ ಒಂದು ಟೇಪನ್ನು ಮಾತ್ರ ಬಿಚ್ಚಿಡಿ. ಗುಡಿ ಕುಸಿದ ಮೇಲೆ ಅದರ ಎತ್ತರ ಫೋಟೋಗಳನ್ನು ಕೇಳಿದರೆ ಅವು ಹೇಳೋದಿಲ್ಲ.