ಮುಚ್ಚಳದ ಒಳಗಿನ ತಾರೀಖು

ಅಮ್ಮ ತನ್ನ ಮೊದಲ ಕೈಗಡಿಯಾರ ಕೊಂಡದ್ದು 1976ರಲ್ಲಿ, ಸಂಬಳದ ಬಾಕಿ ಹಣ ಒಟ್ಟಿಗೆ ಕೈಗೆ ಬಂದಾಗ. ಮೊದಲನೆಯದೂ ಅದೇ, ಕೊನೆಯದೂ ಅದೇ. ಎಚ್.ಎಂ.ಟಿ. ಸುಜಾತ. ಎಂಟಾಣೆಯ ನಾಣ್ಯಕ್ಕಿಂತ ಚಿಕ್ಕದು ಅನ್ನಿಸುವಷ್ಟು ಪುಟ್ಟ ಮುಖ, ಸಣ್ಣ ಪಟ್ಟಿ. ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಅಜ್ಜಿಗೆ ಈ ಖರ್ಚು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ಶಾಲೇಲಿ ಗಂಟೆ ಹೊಡೀತಾರೆ, ಮನೇಲಿ ನಾನಿದೀನಿ. ಇನ್ನು ನಿಂಗೆ ವಾಚ್ಯಾಕೆ?" ಎಂದು ಕೇಳಿದ್ದರಂತೆ. ಅಮ್ಮ ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ಹಾಲು ಕಾಯಲಿಟ್ಟು, ಒಲೆಯ ಮುಂದೆ ನಿಂತು ವಾಚಿಗೆ ಕೀ ಕೊಟ್ಟಳು. ಆ ಅಭ್ಯಾಸ ನಲವತ್ತು ವರ್ಷ ತಪ್ಪಲಿಲ್ಲ.

ನಾನು ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ ಹಳೆಯ ವಾಚು ಬಿಚ್ಚುವ ಹುಚ್ಚು ಹಿಡಿಸಿಕೊಂಡೆ. ಹೊಲಿಗೆ ಬಾರದು, ರಂಗೋಲಿ ಸೊಟ್ಟ, ಇದೊಂದಾದರೂ ಕೈಗೆ ಹತ್ತಲಿ ಎಂದುಕೊಂಡೆ. ಹೆಂಗಸಿಗೆ ಇದೇನು ಕೆಲಸ ಎಂದು ಕೇಳಿದವರಿದ್ದಾರೆ. ಅವರಿಗೆ ಹೇಳಲೆಂದೇ ಒಂದಿಷ್ಟು ಚರಿತ್ರೆ ಓದಿಕೊಂಡೆ.

ಮಣಿಕಟ್ಟಿಗೆ ಗಡಿಯಾರ ಕಟ್ಟುವುದು ಶುರುವಾದದ್ದೇ ಹೆಂಗಸರಿಂದ. 1810ರಲ್ಲಿ ನೇಪಲ್ಸಿನ ರಾಣಿ, ನೆಪೋಲಿಯನ್ನನ ತಂಗಿ ಕ್ಯಾರೊಲಿನ್ ಮ್ಯೂರಾ, ಪ್ಯಾರಿಸ್ಸಿನ ಬ್ರೆಗೆ ಎಂಬ ಗಡಿಯಾರದ ಕುಶಲಿಗೆ ಕೈಗೆ ಕಟ್ಟುವಂಥ ವಾಚು ಮಾಡಿಕೊಡಲು ಹೇಳಿಕಳಿಸಿದಳು. ಅದು ಸಿದ್ಧವಾದದ್ದು 1812ರಲ್ಲಿ. ಮಣಿಕಟ್ಟಿಗೆಂದೇ ಮಾಡಿದ ಗಡಿಯಾರಗಳಲ್ಲಿ ನಮಗೆ ಗೊತ್ತಿರುವ ಮೊದಲಿನದೆಂದು ಇದನ್ನೇ ಹೇಳುತ್ತಾರೆ. ಗಂಡಸರು ಆಗಿನ್ನೂ ಸರಪಣಿ ಸಿಕ್ಕಿಸಿ ಜೇಬಿನಲ್ಲಿಡುತ್ತಿದ್ದರು. ಕೈಗೆ ಕಟ್ಟುವುದು ಬಳೆ ತೊಟ್ಟ ಹಾಗೆ ಎಂಬ ನಾಚಿಕೆ! ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಜೇಬಿನಿಂದ ಗಡಿಯಾರ ಎಳೆದು ನೋಡುವುದು ಕಷ್ಟವಾದಾಗ ಅವರ ನಾಚಿಕೆ ಬಿಟ್ಟಿತು.

ಆ ರಾಣಿಯ ವಾಚು ಈಗ ಎಲ್ಲೂ ಇಲ್ಲ. ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಅದೊಂದಿತ್ತು ಎಂದು ಗೊತ್ತಾಗುವುದು ಅಂಗಡಿಯ ಲೆಕ್ಕದ ಪುಸ್ತಕದಿಂದ. ಬೇಡಿಕೆ ಬಂದ ವರ್ಷ ಅಲ್ಲಿದೆ. 1849ರಲ್ಲಿ ರಾಣಿಯ ಮಗಳು ಅದನ್ನು ರಿಪೇರಿಗೆ ತಂದದ್ದು ಇದೆ, 1855ರಲ್ಲಿ ಇನ್ನೊಮ್ಮೆ ಬಂದದ್ದಿದೆ. ಆಮೇಲೆ ಸುದ್ದಿಯಿಲ್ಲ. ರಾಣಿಯ ಒಡವೆ ಹೋಗಿ ರಿಪೇರಿಯ ಬರವಣಿಗೆ ಉಳಿದದ್ದು ನನಗೆ ಬಹಳ ಹಿಡಿಸಿತು.

ನಮ್ಮಲ್ಲಿಗೆ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ದೇಶದ ಕೈಗಳ ಮೇಲಿದ್ದದ್ದು ಬಹುಪಾಲು ಸ್ವಿಸ್ ವಾಚುಗಳು. ವೆಸ್ಟ್ ಎಂಡ್, ಫಾವ್ರೆ ಲ್ಯೂಬಾ ಎಂಬ ಹೆಸರುಗಳನ್ನು ತಾತಂದಿರು ಮಂತ್ರದ ಹಾಗೆ ಹೇಳುತ್ತಿದ್ದರು. ಲೇತು, ಮಿಲ್ಲಿಂಗ್ ಯಂತ್ರ ಮಾಡುವುದಕ್ಕೆಂದು ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ ವಾಚಿನ ಕೆಲಸಕ್ಕಿಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಗಂಡಸರಿಗೆ ಜನತಾ, ಪೈಲಟ್, ಹೆಂಗಸರಿಗೆ ಸುಜಾತ. ಬೇಡಿಕೆಗೆ ತಕ್ಕಷ್ಟು ಮಾಲು ಇರುತ್ತಿರಲಿಲ್ಲ, ಹೆಸರು ಬರೆಸಿ ಕಾಯಬೇಕಾಗಿತ್ತು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು "ಒಂದು ವಾಚು" ಎನ್ನುತ್ತಿದ್ದ ಕಾಲ ಅದು. ಕಾಂಚನ ಬಂದ ಮೇಲೆ ಬರೀ ವಾಚೆಂದರೆ ಸಾಲದಾಯಿತು, ಕಾಂಚನವೇ ಬೇಕಾಯಿತು. ಈ ವಾಚುಗಳ ಕೀರ್ತಿ ಹಾಡುವವರು ಆ ಭಾಗವನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಎಷ್ಟು ಅಪ್ಪಂದಿರು ಸಾಲ ಮಾಡಿದರೋ!

1978ರಲ್ಲಿ ನಮ್ಮ ತುಮಕೂರಿಗೂ ವಾಚು ಕಾರ್ಖಾನೆ ಬಂತು. ನಮ್ಮ ಬೀದಿಯ ಅಕ್ಕ ಒಬ್ಬರು ಅಲ್ಲಿಗೆ ಕೆಲಸಕ್ಕೆ ಸೇರಿದರು. ಬೆಳಗಿನ ಜಾವವೇ ತಲೆ ಬಾಚಿ, ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸಿಗೆ ನಿಂತಿರುತ್ತಿದ್ದರು. ಬಿಡಿ ಭಾಗಗಳನ್ನು ಜೋಡಿಸುವ ಸಾಲುಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತವರಲ್ಲಿ ಹೆಂಗಸರು ಬಹಳ. ನಾನು ಕಲಿಯಲು ಹೊರಟಾಗ ಮೊದಲು ನೆನಪಾದದ್ದು ಅವರೇ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ನಾನು ಚಿಮುಟ ಹಿಡಿದದ್ದನ್ನು ನೋಡಿ ನಕ್ಕುಬಿಟ್ಟರು. "ಅದೇನು ಕೆಂಡ ಎತ್ತೋ ಹಂಗೆ ಹಿಡೀತೀಯ? ಬಿಗಿ ಹಿಡಿದರೆ ಸಾಮಾನು ಹಾರಿಹೋಗತ್ತೆ. ಹೂವಿನ ದಳ ಎತ್ತೋ ಹಂಗೆ ಎತ್ತು" ಎಂದರು. ಹಾರಿಹೋದದ್ದು ನಿಜವೇ. ಒಂದು ತಿರುಪನ್ನು ಹುಡುಕಲು ನಾನೂ ನನ್ನ ಗಂಡನೂ ಟಾರ್ಚು ಹಿಡಿದು ನೆಲದ ಮೇಲೆ ಒಂದು ಗಂಟೆ ತೆವಳಿದ್ದೇವೆ. ಆಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಕೂರುವುದು ಕಲಿತೆ.

ಮೊದಲು ಕೆಟ್ಟುಹೋದ ಜನತಾ ವಾಚುಗಳ ಮೇಲೆ ಕೈ ಪಳಗಿಸಿಕೊಂಡೆ. ಹಿಂದಿನ ಮುಚ್ಚಳ ತೆಗೆದರೆ ಒಳಗೊಂದು ಊರೇ ಇದೆ. ನಾವು ಕೊಡುವ ಕೀ ಒಂದು ಡಬ್ಬಿಯೊಳಗಿನ ಉಕ್ಕಿನ ಪಟ್ಟಿಯನ್ನು ಸುತ್ತಿಡುತ್ತದೆ. ಅದು ಬಿಚ್ಚಿಕೊಳ್ಳಲು ಹೊರಟ ಬಲ ಹಲ್ಲಿನ ಚಕ್ರಗಳ ಮೂಲಕ ಓಡಿಬರುತ್ತದೆ. ಸುಮ್ಮನೆ ಬಿಟ್ಟರೆ ಅರೆಗಳಿಗೆಯಲ್ಲಿ ಎಲ್ಲ ಮುಗಿದೀತು. ಹಾಗಾಗದಂತೆ ಪುಟ್ಟ ಕವಣೆಯಂಥ ತುಂಡೊಂದು ಕೊನೆಯ ಚಕ್ರದ ಹಲ್ಲನ್ನು ಒಂದೊಂದೇ ತಡೆದು ಬಿಡುತ್ತದೆ. ಅದಕ್ಕೆ ತಾಳ ಹಾಕುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಅದನ್ನು ಹಿಂದಕ್ಕೆಳೆಯುವುದು ಕೂದಲಿನಷ್ಟು ಸಣ್ಣ ಸುರುಳಿ, ಹೇರ್‌ಸ್ಪ್ರಿಂಗು. ಜನತಾದಲ್ಲಿ ಈ ತಾಳ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ. ದಿನಕ್ಕೊಂದು ನಿಮಿಷ ಹಿಂದೆ ಬಿತ್ತೆಂದು ಬೈಯುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಮುಖದ ಮೇಲೆ ಬರೆದಿರುವ 17 ಜ್ಯುವೆಲ್ಸ್ ನಂಬಿ ವಾಚನ್ನು ಒಡವೆಯ ಪೆಟ್ಟಿಗೆಯಲ್ಲಿಟ್ಟವರನ್ನು ನಾನು ಬಲ್ಲೆ. ಹರಳು ಇರುವುದು ನಿಜ, ಕೆಂಪಗಿರುವುದೂ ನಿಜ. ಆದರೆ ಅವು ಕುಲುಮೆಯಲ್ಲಿ ಮಾಡಿದ ಮಾಣಿಕ್ಯ. ಫ್ರಾನ್ಸಿನ ವರ್ನೂಯಿ 1902ರಲ್ಲಿ ಆ ವಿಧಾನವನ್ನು ಪ್ರಕಟಿಸಿದ ಮೇಲೆ ಬಲು ಅಗ್ಗವಾದವು. ತಿರುಗುವ ಕಡ್ಡಿಯ ತುದಿ ಸವೆಯದಿರಲಿ ಎಂದು ಅವನ್ನು ಕೂರಿಸುತ್ತಾರೆ, ಅಷ್ಟೇ. ಮಾರಲು ಹೋದರೆ ಕಾಫಿಯ ದುಡ್ಡೂ ಹುಟ್ಟದು.

ಐದಾರು ಜನತಾ ಓಡತೊಡಗಿದ ಮೇಲೆ ಧೈರ್ಯ ಬಂತು. ಅಮ್ಮನ ಸುಜಾತ ನಿಂತು ಆಗಲೇ ಕೆಲವು ವರ್ಷವಾಗಿತ್ತು. "ನೋಡು, ನಿನ್ನ ಕೈಲಾದ್ರೆ" ಎಂದು ಕೊಟ್ಟಳು. ಎಂಬತ್ತು ವರ್ಷದ ಕೈ ಅದನ್ನು ಬಿಚ್ಚಿಕೊಡಲು ಬಹಳ ಹೊತ್ತು ತೆಗೆದುಕೊಂಡಿತು.

ಮುಚ್ಚಳ ತೆಗೆದೆ. ಅದರ ಒಳಬದಿಯಲ್ಲಿ, ಭೂತಗನ್ನಡಿಯಿಲ್ಲದೆ ಕಾಣದಷ್ಟು ಸಣ್ಣಗೆ ಸೂಜಿಯಿಂದ ಗೀಚಿದ ಗುರುತುಗಳಿದ್ದವು. ರಿಪೇರಿಯವರು ತಾವು ಬಿಚ್ಚಿದ ವಾಚಿನೊಳಗೆ ಹೀಗೆ ತಾರೀಖು ಗೀಚುವುದು ಎಲ್ಲ ದೇಶದಲ್ಲೂ ಇರುವ ಪದ್ಧತಿ. ಮತ್ತೆ ಬಂದಾಗ ತಮ್ಮ ಕೆಲಸವೋ ಬೇರೆಯವರದೋ ತಿಳಿಯಲಿ ಎಂದು. ಅಮ್ಮನದರಲ್ಲಿ ಮೂರಿದ್ದವು. 3-79. ಇದು ಬಾವಿಕಟ್ಟೆಯಲ್ಲಿ ನೀರು ಹೊಕ್ಕಿದ್ದು, ಅಮ್ಮ ಹೇಳಿದ್ದು ನೆನಪಿದೆ. 6-84. ಇದು ತಮ್ಮ ಕೀ ತಿರುಗಿಸಿ ತಿರುಗಿಸಿ ಹಾಳುಮಾಡಿದ್ದು. ಮೂರನೆಯದು 4-88. ಅದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು.

ಅದು ನನ್ನ ಪಿ.ಯು.ಸಿ. ಪರೀಕ್ಷೆಯ ತಿಂಗಳು. ಅಮ್ಮ ತನ್ನ ವಾಚನ್ನು ನನ್ನ ಕೈಗೆ ಕಟ್ಟಿ ಕಳಿಸಿದ್ದಳು. ಕಾಲೇಜಿನ ಮೆಟ್ಟಿಲಲ್ಲಿ ಬಿದ್ದು ಗ್ಲಾಸು ಒಡೆದು ನಿಂತುಹೋಯಿತು. ಬಸ್‌ಸ್ಟ್ಯಾಂಡಿನ ಬಳಿ ಗೂಡಂಗಡಿಯಲ್ಲಿದ್ದ ರಿಪೇರಿಯವರ ಮುಂದೆ ಅಳುತ್ತಾ ನಿಂತೆ. ಕೂಡಿಟ್ಟ ಬಸ್ಸಿನ ದುಡ್ಡು ಕೊಟ್ಟು ಸಂಜೆಯೊಳಗೆ ಸರಿ ಮಾಡಿಸಿಕೊಂಡು, ಏನೂ ಆಗಿಲ್ಲದವಳ ಹಾಗೆ ಮನೆಗೆ ಬಂದೆ. ಯಾರಿಗೂ ಹೇಳಿರಲಿಲ್ಲ. ಆ ಮನುಷ್ಯ ನನ್ನ ಗುಟ್ಟನ್ನು ಲೋಹದ ಮೇಲೆ ಬರೆದಿಟ್ಟಿದ್ದ.

ಅದೇ ಗಲಿಬಿಲಿಯಲ್ಲಿ ಕೆಲಸಕ್ಕೆ ಕೂರಬಾರದಿತ್ತು. ಒಣಗಿದ ಎಣ್ಣೆ ಅಂಟಾಗಿತ್ತು, ತೊಳೆದರೆ ಸಾಕಿತ್ತು. ಬ್ಯಾಲೆನ್ಸ್ ಎತ್ತುವಾಗ ಚಿಮುಟ ಜಾರಿ ಹೇರ್‌ಸ್ಪ್ರಿಂಗಿಗೆ ತಗುಲಿತು. ಸುರುಳಿ ಸುರುಳಿಯಾಗಿ ಉಳಿಯಲಿಲ್ಲ, ಗಂಟು ಬಿದ್ದ ದಾರವಾಯಿತು. ನಲವತ್ತು ವರ್ಷ ತೂಗಿದ್ದನ್ನು ನಾನು ಒಂದು ಕ್ಷಣದಲ್ಲಿ ಮುಗಿಸಿದ್ದೆ. ಅಮ್ಮ ಕೇಳಿದಾಗ "ಎಣ್ಣೆ ತರಿಸಬೇಕು" ಎಂದೆ. ಎರಡು ತಿಂಗಳು ಹಾಗೇ ಹೇಳಿದೆ.

ಹೊಸ ಬಿಡಿಭಾಗ ತರಿಸೋಣವೆಂದರೆ ಮಾಡುವವರೇ ಇಲ್ಲ. ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳ ಕಾಲ ಬಂದು, 1987ರಿಂದ ಟೈಟನ್ ಮಾರುಕಟ್ಟೆಗಿಳಿದ ಮೇಲೆ ಕೀ ಕೊಡುವ ವಾಚನ್ನು ಕೇಳುವವರು ಕಡಿಮೆಯಾದರು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಮಾಡಿತು, ಆದರೆ ಓಟದಲ್ಲಿ ಹಿಂದೆ ಬಿತ್ತು. ಮುಚ್ಚುವ ಸುದ್ದಿ 2014ರಲ್ಲಿ ಹೊರಬಿದ್ದಾಗ ಅದುವರೆಗೆ ಮರೆತಿದ್ದ ಜನ ಅಂಗಡಿಗೆ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚಿನ ಕಂಪನಿಯನ್ನು ಮುಚ್ಚಲು ಒಪ್ಪಿತು. ತುಮಕೂರಿನ ಜಮೀನು ಬಾಹ್ಯಾಕಾಶ ಇಲಾಖೆಯ ಪಾಲಾಯಿತು. ಅಕ್ಕ ಆ ರಸ್ತೆಯಲ್ಲಿ ಹೋಗುವಾಗ ಈಗಲೂ ತಲೆ ಆ ಕಡೆ ತಿರುಗಿಸುವುದಿಲ್ಲ.

ಕೊನೆಗೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಹಳೆಯ ಬೀಗದ ಕೈಗಳ ರಾಶಿಯ ನಡುವೆ, ಮುಖ ಮಾಸಿದ ಒಂದು ಸುಜಾತ ಇನ್ನೂರು ರೂಪಾಯಿಗೆ ಸಿಕ್ಕಿತು. ಅದರ ಬ್ಯಾಲೆನ್ಸನ್ನು ಸುರುಳಿಯ ಸಮೇತ ಎತ್ತಿ ಅಮ್ಮನದಕ್ಕೆ ಕೂರಿಸಬೇಕು. ಆ ದಿನ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಏನೂ ಹೇಳಲಿಲ್ಲ, ಉಸಿರು ಬಿಗಿಹಿಡಿದಿದ್ದರು. ಚಕ್ರ ಒಮ್ಮೆ ಅಲುಗಿ, ಅನುಮಾನಿಸಿ, ಮತ್ತೆ ಹೊರಟಿತು. ಮಾಸಿದ ಆ ವಾಚಿನ ಮುಚ್ಚಳದೊಳಗೂ ಎರಡು ತಾರೀಖುಗಳಿದ್ದವು. ಯಾರ ಮನೆಯದೋ.

ವಾಚು ಕೊಡುವಾಗ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಈಗ ಕೆಡಿಸಿದ್ದು, ಎರಡು ತಿಂಗಳ ಸುಳ್ಳು, ಒಳಗಿರುವುದರಲ್ಲಿ ಸ್ವಲ್ಪ ಬೇರೆಯವರದು ಎಂಬುದು. ಆಮೇಲೆ 1988ರದೂ. ಅಮ್ಮ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದಳು.

"ಅದು ನಂಗೆ ಅವತ್ತೇ ಗೊತ್ತಿತ್ತು" ಎಂದಳು. "ಒರಳಿಗೆ ತಗುಲಿ ಗ್ಲಾಸಿನ ಮೇಲೆ ಒಂದು ಗೀರಿತ್ತು. ಸಾಯಂಕಾಲ ನೋಡಿದ್ರೆ ಗೀರಿಲ್ಲ. ಹೇಳ್ತೀಯೇನೋ ಅಂತ ಕಾಯ್ದೆ. ಪರೀಕ್ಷೆ ನಡೀತಿತ್ತಲ್ಲ, ಸುಮ್ಮನಾದೆ."

ನನಗೆ ಮಾತು ಹೊರಡಲಿಲ್ಲ. ಅಮ್ಮ ಕೀ ತಿರುಗಿಸಿ ನೋಡಿದಳು, ಬಿಗಿಯಾಗುವ ಮುಂಚೆಯೇ ನಿಲ್ಲಿಸಿದಳು.

"ಎಷ್ಟು ತಗೊಂಡ ಅವನು?"

"ಹದಿನೆಂಟು ರೂಪಾಯಿ."

"ಹದಿನೆಂಟಾ! ಜಾಸ್ತಿ ತಗೊಂಡಿದಾನೆ, ಮಹರಾಯ."