ಮೈದಾನ ಕಾಯುವವರು, ಮೈದಾನದಲ್ಲಿ ಆಡುವವರು

ನಗರದ ಆಟದ ಮೈದಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಬೇಡಿಕೆ ಒಟ್ಟಿಗೇ ಕೇಳಿಬರುತ್ತವೆ. ಮೈದಾನ ಹಾಳಾಗದಂತೆ ಕಾಯಬೇಕು, ಅದು ಎಲ್ಲರಿಗೂ ತೆರೆದಿರಬೇಕು. ಇವೆರಡೂ ಜೊತೆಯಾಗಿ ಸಾಗಲಾರವು ಎಂಬ ನಂಬಿಕೆ ಆಡಳಿತಗಳಲ್ಲಿ ಬೇರೂರಿದೆ. ಹಾಗಾಗಿಯೇ ರಕ್ಷಣೆಯ ಹೆಸರಿನಲ್ಲಿ ಮೊದಲು ಬೇಲಿ ಬರುತ್ತದೆ, ಆಮೇಲೆ ಬೀಗ, ಕೊನೆಗೆ ಶುಲ್ಕದ ಫಲಕ. ಮುಂಬಯಿಯ ಎಸ್‌ಪ್ಲನೇಡ್ ಬಯಲಿನ ಇತಿಹಾಸ ನೋಡಿದರೆ ಈ ನಂಬಿಕೆ ತಪ್ಪು ಎಂದೇ ನನಗನಿಸುತ್ತದೆ. ಅಲ್ಲಿ ಹುಲ್ಲಿನ ಚಿಂತೆ ಜಗಳದ ಹೊರಮೈ ಮಾತ್ರವಾಗಿತ್ತು. ಹುಲ್ಲನ್ನು ನೋಡಿಕೊಳ್ಳುವ ಹಣ ಇದ್ದವರಿಗೆ ಉಳಿದವರನ್ನು ಹೊರಗಿಡುವ ಹಕ್ಕೂ ಸಿಕ್ಕಬೇಕೇ ಎಂಬುದು ಒಳಗಿನ ಪ್ರಶ್ನೆ.

ಆ ಬಯಲು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಕೋಟೆಯ ಫಿರಂಗಿಗಳಿಗೆ ಎದುರಿನ ಜಾಗ ತೆರವಾಗಿರಲಿ ಎಂದು ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ ಖಾಲಿ ನೆಲ ಅದು. 1860ರ ದಶಕದಲ್ಲಿ ಕೋಟೆಯ ಗೋಡೆ ಉರುಳಿತು, ಬಯಲು ಮಾತ್ರ ಉಳಿಯಿತು. ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಎಲ್ಲವೂ ಅದರ ತುಂಡುಗಳೇ. ಪಾರ್ಸಿ ಯುವಕರು 1848ರಷ್ಟು ಹಿಂದೆಯೇ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿಕೊಂಡು ಆಡತೊಡಗಿದ್ದರು. 1875ರಲ್ಲಿ ಯುರೋಪಿಯನ್ನರಿಗಷ್ಟೇ ಪ್ರವೇಶವಿದ್ದ ಬಾಂಬೆ ಜಿಮ್ಖಾನಾ ಹುಟ್ಟಿತು. ಬಯಲಿನ ಒಂದು ಭಾಗ ಅದರ ವಶಕ್ಕೆ ಹೋಯಿತು. ಅಲ್ಲಿ ದೇಶೀಯರು ಚೆಂಡು ಹಾಕುವಂತಿರಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಬಹುಶಃ ದೊಡ್ಡ ಜಗಳವಾಗುತ್ತಿರಲಿಲ್ಲ. ಆದರೆ ಬಿಳಿಯರು ಪೋಲೊ ಆಡುವಾಗ ತಮ್ಮ ಹುಲ್ಲುಹಾಸನ್ನು ಬಿಟ್ಟು, ದೇಶೀಯರು ಕ್ರಿಕೆಟ್ ಆಡುತ್ತಿದ್ದ ನೆಲದ ಮೇಲೆ ಕುದುರೆ ಓಡಿಸಿದರು. ಗೊರಸು ಬಿದ್ದಲ್ಲೆಲ್ಲ ನೆಲ ಕಿತ್ತು ಗುಳಿಯಾಗುತ್ತಿತ್ತು. ಅಂಥ ಗುಳಿಗೆ ಬಿದ್ದ ಚೆಂಡು ಒಮ್ಮೆ ಕಾಲಬುಡದಲ್ಲಿ ಸರಿದುಹೋಗುತ್ತದೆ, ಮತ್ತೊಮ್ಮೆ ಮುಖದ ಮಟ್ಟಕ್ಕೆ ಏಳುತ್ತದೆ. ವಾರಕ್ಕೆ ಒಂದೆರಡು ಸಂಜೆಯ ಪೋಲೊ ಸಾಕು, ಉಳಿದ ದಿನಗಳ ಕ್ರಿಕೆಟ್ ಕೆಡುತ್ತಿತ್ತು.

1881ರಲ್ಲಿ ದೇಶೀಯ ಆಟಗಾರರು ಗವರ್ನರ್‌ಗೆ ಅರ್ಜಿ ಕೊಟ್ಟರು. ಮುಂದಾಳಾಗಿದ್ದ ಶಾಪುರ್ಜಿ ಸೊರಾಬ್ಜಿ ಆ ಹೋರಾಟದ ಕಥೆಯನ್ನು 1897ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿಯಮ ಬೇಡ, ಬಂದವರೆಲ್ಲ ಬೇಕಾದದ್ದು ಆಡಲಿ ಎಂದು ಅರ್ಜಿದಾರರು ಕೇಳಿರಲಿಲ್ಲ. ಹೆಚ್ಚು ಜನರ ಆಟವನ್ನು ಕೆಲವೇ ಜನರ ಆಟ ಹಾಳುಮಾಡದಂತೆ ನಿಯಮ ಮಾಡಿ ಎಂದು ಕೇಳಿದ್ದರು. ಅಂದರೆ ಮೈದಾನದ ರಕ್ಷಣೆಗಾಗಿ ದನಿ ಎತ್ತಿದವರು ಅದರ ಮೇಲೆ ಅಧಿಕಾರವಿಲ್ಲದ ಜನ. ಸರ್ಕಾರ ಮೊದಲು ಅವರ ಮಾತಿಗೆ ಮಣಿದು ಪೋಲೊವನ್ನು ಬೇರೆಡೆಗೆ ಕಳಿಸಿತು. ಜಿಮ್ಖಾನಾ ಪಟ್ಟುಹಿಡಿದದ್ದೇ ತಡ, ಆ ಆದೇಶ ಬದಲಾಯಿತು. ಮೆಚ್ಚಬೇಕಾದ್ದು ಅರ್ಜಿದಾರರ ಹಟ: ಅವರು ವರ್ಷಗಟ್ಟಲೆ ಮತ್ತೆ ಮತ್ತೆ ಬರೆದರು.

ಕೊನೆಗೆ ಸಿಕ್ಕ ಪರಿಹಾರ ಬೇರೆಯದೇ ರೀತಿಯದು. ಕಡಲಂಚಿನ ಕೆನಡಿ ಸೀ ಫೇಸ್‌ನಲ್ಲಿ ಪಾರ್ಸಿಗಳಿಗೆ ಒಂದು ಜಾಗ ಕೊಟ್ಟರು. 1890ರ ದಶಕದಲ್ಲಿ ಮುಸ್ಲಿಮರಿಗೂ ಹಿಂದೂಗಳಿಗೂ ಒಂದೊಂದು ಸಿಕ್ಕಿತು. ಎಲ್ಲರಿಗೂ ಅವರವರ ಮೈದಾನ ಸಿಕ್ಕಿತಲ್ಲ, ಇನ್ನೇನು ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಆಟ ಬೆಳೆಯಿತು, ನಿಜ. ಆದರೆ ಒಂದೇ ಸಾರ್ವಜನಿಕ ಬಯಲಿನಲ್ಲಿ ಸಮಾನ ಪಾಲು ಬೇಕು ಎಂದು ಕೇಳಿದವರಿಗೆ ಸರ್ಕಾರ ಜಾತಿ-ಧರ್ಮದ ಲೆಕ್ಕದಲ್ಲಿ ಬೇಲಿಗಳನ್ನು ಹಂಚಿತು. ಮುಂದೆ ಪಂದ್ಯಾವಳಿಗಳೂ ಅದೇ ಗೆರೆಗಳ ಮೇಲೆ ನಡೆದು, 1940ರ ದಶಕದಲ್ಲಿ ಅಂಥ ಪೆಂಟಾಂಗ್ಯುಲರ್ ಪಂದ್ಯಾವಳಿ ನಿಲ್ಲುವವರೆಗೂ ಊರು ಆ ಭಾರ ಹೊತ್ತಿತು. ಯಾವ ಜಿಮ್ಖಾನಾಕ್ಕೂ ಸೇರದ ಹುಡುಗನಿಗೆ ಈ ಹಂಚಿಕೆಯಲ್ಲಿ ಪಾಲೇ ಇರಲಿಲ್ಲ.

ಆ ಹುಡುಗ ಯಾರು ಎಂದು ಕೇಳಿದರೆ ನಮ್ಮ ಧಾರವಾಡದಲ್ಲೇ ಉತ್ತರವಿದೆ. 1876ರಲ್ಲಿ ಅಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿಗೆ, ಆಮೇಲೆ ಯುರೋಪಿಯನ್ನರ ಪೂನಾ ಜಿಮ್ಖಾನಾದಲ್ಲಿ ನಾಲ್ಕು ರೂಪಾಯಿಗೆ ಕೆಲಸಕ್ಕಿದ್ದರು. ಪಿಚ್‌ಗೆ ರೋಲರ್ ಎಳೆಯುವುದು, ಗೆರೆ ಹಾಕುವುದು, ನೆಟ್ ಕಟ್ಟುವುದು, ಅಭ್ಯಾಸಕ್ಕೆ ಬಂದ ಸಾಹೇಬರಿಗೆ ಚೆಂಡು ಹಾಕುವುದು ಅವರ ಕೆಲಸ. ಆ ನೆಲವನ್ನು ಅವರಿಗಿಂತ ಚೆನ್ನಾಗಿ ನೋಡಿಕೊಂಡವರು ಇರಲಾರರು, ಆದರೂ ಅಲ್ಲಿ ಸದಸ್ಯನಾಗಿ ಆಡುವ ಹಕ್ಕು ಅವರಿಗಿರಲಿಲ್ಲ. ಪುಣೆಯ ಹಿಂದೂ ತಂಡಕ್ಕೆ ಸೇರಿದ ಮೇಲೂ ಚಹಾ ವಿರಾಮದಲ್ಲಿ ಅವರಿಗೆ ಹೊರಗೆ, ಪ್ರತ್ಯೇಕವಾಗಿ, ಬಳಸಿ ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ನೂರಕ್ಕೂ ಹೆಚ್ಚು ವಿಕೆಟ್ ಪಡೆದದ್ದು ಇದೇ ಬಾಲೂ. ಮೈದಾನವನ್ನು ನೋಡಿಕೊಳ್ಳುವವರಿಗೇ ಅದರ ಮೇಲೆ ಹೆಚ್ಚಿನ ಹಕ್ಕು ಎಂದು ಇಂದು ವಾದಿಸುವವರು ಈ ಬದುಕನ್ನು ಒಮ್ಮೆ ನೋಡಬೇಕು. ಹಕ್ಕು ಸಿಕ್ಕಿದ್ದು ಸಂಬಳ ಕೊಟ್ಟವರಿಗೆ, ರೋಲರ್ ಎಳೆದವರಿಗಲ್ಲ.

ಪಾಲಿಕೆಗಳ ಬಳಿ ದುಡ್ಡಿಲ್ಲ, ಖಾಸಗಿಯವರ ಕೈಗೆ ಕೊಡದಿದ್ದರೆ ಮೈದಾನ ಕಸದ ಗುಂಡಿಯಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಓವಲ್ ಮೈದಾನವೇ 1990ರ ದಶಕದಲ್ಲಿ ಆ ಸ್ಥಿತಿಗೆ ಬಂದಿತ್ತು. ಸುತ್ತಲಿನ ನಿವಾಸಿಗಳ ಸಂಘ ಹೈಕೋರ್ಟಿಗೆ ಹೋಯಿತು, ಆಮೇಲೆ ನಿರ್ವಹಣೆಯ ಹೊಣೆಯನ್ನೂ ಹೊತ್ತಿತು. ಇಂದಿಗೂ ಅಲ್ಲಿ ಅಕ್ಕಪಕ್ಕದ ಪಿಚ್‌ಗಳಲ್ಲಿ ಹತ್ತಾರು ತಂಡ ಆಡುತ್ತವೆ, ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಬೌಂಡರಿಯೊಳಗೆ ನಿಂತಿರುತ್ತಾನೆ. ಅದೇ ಊರಿನಲ್ಲಿ ಉಸ್ತುವಾರಿಯ ಹೆಸರಲ್ಲಿ ಖಾಸಗಿಯವರಿಗೆ ಕೊಟ್ಟ ಕೆಲವು ಬಯಲುಗಳಲ್ಲಿ ಕ್ಲಬ್ ಕಟ್ಟಡಗಳೆದ್ದು, ಸದಸ್ಯತ್ವ ಇದ್ದವರಿಗಷ್ಟೇ ಒಳಗೆ ಪ್ರವೇಶ ಎಂದಾಯಿತು. 2016ರಲ್ಲಿ ಪಾಲಿಕೆ ಬಯಲುಗಳನ್ನು ಖಾಸಗಿಯವರ ಉಸ್ತುವಾರಿಗೆ ಕೊಡುವ ಹೊಸ ದತ್ತು ನೀತಿ ತಂದಾಗ ನಾಗರಿಕರು ಸಿಡಿದೆದ್ದದ್ದು ಈ ಅನುಭವದಿಂದಲೇ. ಎರಡೂ ಕಡೆ ನಿರ್ವಹಣೆ ಪಾಲಿಕೆಯ ಕೈಯಲ್ಲಿರಲಿಲ್ಲ. ಒಂದು ಕಡೆ ಅದರ ಜೊತೆ ಹೊರಗಿಡುವ ಅಧಿಕಾರ ಹೋಗಲಿಲ್ಲ, ಇನ್ನೊಂದು ಕಡೆ ಹೋಯಿತು.

ಕರ್ನಾಟಕದ ಕಾನೂನು ಜಾಗದ ಮಟ್ಟಿಗೆ ಗಟ್ಟಿಯಾಗಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಬಯಲಿಗೆ ಮೀಸಲಿಡಬೇಕು ಎನ್ನುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಅಂಥ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ಸಾಮಾನ್ಯ ನಿವಾಸಿಗಳಿಗೆ ಇದೆ ಎಂದು ಕೋರ್ಟ್ ಎತ್ತಿಹಿಡಿಯಿತು. 1881ರ ಅರ್ಜಿದಾರರಿಗೆ ಇಲ್ಲದಿದ್ದದ್ದು ಇದೇ: ಅವರ ಕೈಯಲ್ಲಿ ಮನವಿಯಿತ್ತು, ಹಕ್ಕಿರಲಿಲ್ಲ.

ಆದರೆ ಕಟ್ಟಡ ಏಳದೆಯೂ ಮೈದಾನ ಕೈತಪ್ಪಬಹುದು. ವರ್ಷದ ಗುತ್ತಿಗೆ, ತರಬೇತಿ ಶಿಬಿರಕ್ಕೆ ಮೀಸಲಾದ ಸಂಜೆಗಳು, ಹುಲ್ಲು ಬೆಳೆಯಲಿ ಎಂದು ಹಾಕಿದ ಬೀಗ ಇವೆಲ್ಲ ಬಯಲನ್ನು ಬಯಲಾಗಿಯೇ ಉಳಿಸಿ ಜನರನ್ನು ಹೊರಗಿಡಬಲ್ಲವು. ಆದ್ದರಿಂದ ಮೈದಾನದ ನಿಯಮ ಬರೆಯುವಾಗ ಏನೇನು ನಿಷೇಧ ಎಂಬ ಪಟ್ಟಿಗಿಂತ ಮೊದಲು, ದುಡ್ಡು ಕೊಡದೆ, ಯಾರ ಅನುಮತಿಯನ್ನೂ ಕೇಳದೆ ಆಡಬಹುದಾದ ಹೊತ್ತು ಎಷ್ಟು ಎಂಬುದನ್ನು ಬರೆಯಬೇಕು. ಅದರಲ್ಲಿ ಶಾಲೆ ಬಿಟ್ಟ ಮೇಲಿನ ಸಂಜೆಯೂ ಭಾನುವಾರವೂ ಸೇರಿರಬೇಕು. ಹುಲ್ಲಿಗೆ ವಿರಾಮ ಬೇಕೆಂದರೆ ಆ ವಿರಾಮ ಕ್ಲಬ್ಬಿಗೂ ಓಣಿಯ ಹುಡುಗರಿಗೂ ಒಂದೇ ದಿನ ಬರಬೇಕು.