ಕಾರ್ಖಾನೆಯಲ್ಲಿ ಹುಟ್ಟಿದ ಬಚ್ಚಲು, ಜುಫೈರ್‌ನ ಬಾಗಿಲಲ್ಲಿ

ಬಹರೈನ್‌ನ ಜುಫೈರ್‌ಗೆ ಗುರುತೆಂದರೆ ಅಲ್ ಫತೇಹ್ ಮಸೀದಿಯ ಗುಮ್ಮಟ. 1980ರ ದಶಕದಲ್ಲಿ ಎದ್ದ ಅದು 60 ಟನ್‌ಗೂ ಮಿಕ್ಕಿ ತೂಗುತ್ತದೆ. ಕಲ್ಲಿನದಲ್ಲ, ಕಾಂಕ್ರೀಟಿನದೂ ಅಲ್ಲ, ಫೈಬರ್ ಗ್ಲಾಸಿನದು. ಅದೇ ಫೈಬರ್ ಗ್ಲಾಸು ಅಷ್ಟೇನೂ ಭವ್ಯವಲ್ಲದ ಇನ್ನೊಂದು ಜಾಗದಲ್ಲಿ 1960ರ ದಶಕದಿಂದಲೇ ದುಡಿಯುತ್ತಿದೆ. ಕಾರ್ಖಾನೆಯಲ್ಲೇ ತಯಾರಾಗಿ ಮನೆಗೆ ಬರುವ ಬಚ್ಚಲುಮನೆ ಅದು.

ಮಸೀದಿಯ ಸುತ್ತ, ಸಮುದ್ರ ತುಂಬಿಸಿ ಪಡೆದ ನೆಲದ ಮೇಲೆ ಬಹುಮಹಡಿ ಕಟ್ಟಡಗಳು ಎದ್ದಿವೆ. ವಿದೇಶಿಯರೂ ಫ್ಲ್ಯಾಟ್ ಕೊಳ್ಳಬಹುದಾದ ಬಹರೈನ್‌ನ ಕೆಲವೇ ಪ್ರದೇಶಗಳಲ್ಲಿ ಜುಫೈರ್ ಒಂದು. ಈ ಶತಮಾನದ ಆರಂಭದಲ್ಲಿ ಆ ಅವಕಾಶ ಸಿಕ್ಕ ಮೇಲೆ ಕಟ್ಟಿದ ಮನೆಗಳ ಬಚ್ಚಲುಗಳು ಈಗ ಸೋರುವ ವಯಸ್ಸಿನವು. ಟೈಲ್ಸ್ ಒಡೆದು, ವಾರಗಟ್ಟಲೆ ಧೂಳು ಕುಡಿದು, ವಾಟರ್ ಪ್ರೂಫಿಂಗ್ ಮಾಡಿಸುವ ಬದಲು ಸಿದ್ಧ ಬಚ್ಚಲನ್ನೇ ತಂದು ಕೂರಿಸಿದರೆ ಆಗದೇ? ಇದಕ್ಕೆ ಉತ್ತರ ಆ ಬಚ್ಚಲಿನ ಚರಿತ್ರೆಯಲ್ಲೇ ಇದೆ.

ಮೊದಲ ಗಂಭೀರ ಪ್ರಯತ್ನ ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್‌ನದು. 1930ರ ದಶಕದಲ್ಲಿ ಅವನು ತಾಮ್ರ ಮತ್ತು ಅಲ್ಯೂಮಿನಿಯಂ ತಗಡಿನಿಂದ, ಸುಮಾರು ಐದಡಿ ಚೌಕದಲ್ಲಿ, ತೊಟ್ಟಿ, ಸಿಂಕು, ಕಮೋಡು ಎಲ್ಲ ಗೋಡೆಯೊಂದಿಗೇ ಬೆಸೆದಿರುವ ಬಚ್ಚಲು ಮಾಡಿದ. 1940ರಲ್ಲಿ ಪೇಟೆಂಟೂ ಸಿಕ್ಕಿತು. ತಯಾರಾದದ್ದು ಹತ್ತು ಹನ್ನೆರಡು ಮಾತ್ರ. ತಾಮ್ರದ ಹಂಡೆ ಕಂಡ ನಮಗೆ ತಾಮ್ರದ ಬಚ್ಚಲು ವಿಚಿತ್ರವೆನಿಸದು. ಆದರೆ ಫುಲ್ಲರ್‌ನ ಜಾಣತನ ಇದ್ದದ್ದು ಲೋಹದಲ್ಲಲ್ಲ. ಬಚ್ಚಲನ್ನು ನಾಲ್ಕು ತುಂಡುಗಳಾಗಿ ಕಳಚಬಹುದಿತ್ತು. ಒಂದೊಂದನ್ನೂ ಇಬ್ಬರು ಎತ್ತಿಕೊಂಡು ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ತೂರಿಸಿ, ಒಳಗೆ ಬೋಲ್ಟು ಹಾಕಿ ಜೋಡಿಸಬಹುದಿತ್ತು. ಅಂದರೆ ಹಳೆಯ ಮನೆಯ ಚಿಂತೆ ಅವನಿಗೆ ಆಗಲೇ ಇತ್ತು.

ಮುಂದಿನವರು ಆ ಚಿಂತೆ ಬಿಟ್ಟರು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ ಕಟ್ಟಿದ 1,56,000ಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳಲ್ಲಿ ಅಡುಗೆಮನೆ, ಬಚ್ಚಲು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಕೊಳಾಯಿ ಘಟಕವಾಗಿ ಕಾರ್ಖಾನೆಯಿಂದ ಬಂದವು. ಎಲ್ಲವೂ ಹೊಸ ಮನೆಗಳೇ.

ನಿಜವಾದ ತಿರುವು ಬಂದದ್ದು ಟೋಕಿಯೊದಲ್ಲಿ. 1964ರ ಒಲಿಂಪಿಕ್ಸ್‌ಗೆ ಮುಂಚೆ ಹೋಟೆಲ್ ನ್ಯೂ ಒಟಾನಿ ಮುಗಿಯಬೇಕಿತ್ತು. 17 ಮಹಡಿ, ಸಾವಿರಕ್ಕೂ ಹೆಚ್ಚು ಕೋಣೆ, ಕೈಯಲ್ಲಿದ್ದದ್ದು ಸುಮಾರು 17 ತಿಂಗಳು. ಇಂಥಲ್ಲಿ ಕೆಲಸ ತಡವಾಗುವುದೇ ಬಚ್ಚಲಲ್ಲಿ. ಪ್ಲಂಬರ್ ಮುಗಿಸದೆ ಗಾರೆಯವನು ಬರುವಂತಿಲ್ಲ, ಗಾರೆ ಒಣಗದೆ ಟೈಲ್ಸಿನವನು ಬರುವಂತಿಲ್ಲ. ನೆಲದ ಚೌಕ ಚಿಕ್ಕದು, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಈಗ ಟೋಟೊ ಎಂದು ಹೆಸರಾದ ಕಂಪನಿ ಫೈಬರ್‌ನಿಂದ ಬಲಪಡಿಸಿದ ಪ್ಲಾಸ್ಟಿಕ್ಕಿನಿಂದ 1,044 ಬಚ್ಚಲುಗಳನ್ನು ಹೊರಗೇ ತಯಾರಿಸಿ ಕ್ರೇನಿನಲ್ಲಿ ಏರಿಸಿತು. ಹೋಟೆಲು ಹೊತ್ತಿಗೆ ಸರಿಯಾಗಿ ತೆರೆಯಿತು. ಈ ಇಡೀ ಉದ್ಯಮ ಒಂದು ಗಡುವಿನ ಕೂಸು ಎನ್ನುವುದು ನನ್ನ ಅಭಿಪ್ರಾಯ.

ನಂತರ ಬಚ್ಚಲಷ್ಟೇ ಅಲ್ಲ, ಇಡೀ ಕೋಣೆಯೇ ಸಿದ್ಧವಾಗಿ ಬಂದದ್ದನ್ನು ಬೇಗ ಹೇಳಿ ಮುಗಿಸಬಹುದು. 1967ರಲ್ಲಿ ಮಾಂಟ್ರಿಯಲ್‌ನ ಹ್ಯಾಬಿಟಾಟ್ ವಸತಿ ಸಮುಚ್ಚಯ, 1968ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಕೋಣೆ ಕೋಣೆಯಾಗಿ ಕ್ರೇನಿನಲ್ಲಿ ಜೋಡಿಸಿದ ಹಿಲ್ಟನ್ ಹೋಟೆಲು, 1972ರಲ್ಲಿ ಟೋಕಿಯೊದ ನಕಾಗಿನ್ ಗೋಪುರ. ನಕಾಗಿನ್‌ನ 140 ಗೂಡುಗಳನ್ನು ಬಿಚ್ಚಿ ಹೊಸದು ಹಾಕಬಹುದೆಂಬ ಕನಸು ಒಮ್ಮೆಯೂ ನನಸಾಗಲಿಲ್ಲ. 2022ರಲ್ಲಿ ಕಟ್ಟಡವನ್ನೇ ಕೆಡವಿದರು. ಸಿಂಗಪುರವಂತೂ 2014ರ ನವೆಂಬರ್‌ನಿಂದ, ಸರ್ಕಾರ ಮಾರುವ ನಿವೇಶನಗಳ ಬಹುಮಹಡಿ ವಸತಿಗೆ ಸಿದ್ಧ ಬಚ್ಚಲನ್ನು ಕಡ್ಡಾಯ ಮಾಡಿತು.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನ ಪಕ್ಕದ ಕೃಷ್ಣಗಿರಿಯದು. 2017ರಲ್ಲಿ ಇಂದಿರಾ ಕ್ಯಾಂಟೀನುಗಳ ಕಾಂಕ್ರೀಟ್ ಗೋಡೆಗಳನ್ನು ಎರಕ ಹೊಯ್ದ ಕೆಇಎಫ್ ಇನ್‌ಫ್ರಾ ಕಂಪನಿ ಅಲ್ಲಿ ಬಚ್ಚಲಿನ ಪಾಡ್‌ಗಳನ್ನೂ, ಅಂದರೆ ಇಡಿಯಾಗಿ ಸಿದ್ಧವಾದ ಬಚ್ಚಲುಗಳನ್ನೂ ಮಾಡುತ್ತಿತ್ತು. 2018ರಲ್ಲಿ ಅದು ಸೇರಿಕೊಂಡ ಅಮೆರಿಕದ ಕಟೆರಾ ಕಂಪನಿ 2021ರಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರ್ಖಾನೆ ಉಳಿಯಬೇಕಾದರೆ ಒಂದೇ ಅಳತೆಯ ನೂರಾರು ಬಚ್ಚಲಿನ ಬೇಡಿಕೆ ಎಡೆಬಿಡದೆ ಬರಬೇಕು. ಒಂದು ಫ್ಲ್ಯಾಟಿನ ಒಂದು ಬಚ್ಚಲು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಜುಫೈರ್‌ನ ಹಳೆಯ ಫ್ಲ್ಯಾಟಿನಲ್ಲಿ ಇನ್ನೂ ಒಂದು ತೊಡಕಿದೆ. ಇಡೀ ಪಾಡ್ ಲಿಫ್ಟಿನಲ್ಲಿ ಹಿಡಿಸದು, ಬಾಗಿಲಲ್ಲಿ ತೂರದು, ಹೊರಗಿನಿಂದ ಎತ್ತಲು ಗೋಡೆ ಒಡೆಯಬೇಕು. ಅದಕ್ಕಾಗಿ ಹೊರಗೆ ದುಡಿಯುವವರಿಂದ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದಕ್ಕೆ 2007ರಿಂದಲೇ ಜುಲೈ, ಆಗಸ್ಟ್‌ನಲ್ಲಿದ್ದ ನಿಷೇಧ 2025ರಿಂದ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೂ ಇದೆ. ಹೊಸ ಕಟ್ಟಡಕ್ಕಾದರೆ ಇದೇ ಪಾಡ್‌ನ ಪರವಾದ ವಾದ: ಕೆಲಸ ಬಿಸಿಲಿನಿಂದ ಕಾರ್ಖಾನೆಯ ನೆರಳಿಗೆ ಹೋಗುತ್ತದೆ. ನಮ್ಮವರೂ ಸೇರಿದಂತೆ ಕೊಲ್ಲಿಯಲ್ಲಿ ಗಾರೆ ಹಿಡಿದವರಿಗೆ ಅದು ಸಣ್ಣ ಮಾತಲ್ಲ.

ಹಳೆಯ ಫ್ಲ್ಯಾಟಿಗೆ ಒದಗುವುದು ಜಪಾನಿನ ಇನ್ನೊಂದು ಕವಲು. ಹೋಟೆಲಿನಿಂದ ಮನೆಗಳಿಗೆ ಇಳಿಯುವಾಗ ಅಲ್ಲಿನವರು ಬಚ್ಚಲನ್ನು ಮತ್ತೆ ಕಳಚಿದರು: ತಳದ ತಟ್ಟೆ ಒಂದು, ಗೋಡೆಯ ಹಲಗೆ ಕೆಲವು, ಮೇಲೊಂದು ಮುಚ್ಚಳ. ಅಳತೆಗೂ ಸಂಕೇತವುಂಟು: 1616 ಎಂದರೆ ಒಳಗೆ 1600 ಮಿಲಿಮೀಟರ್ ಚೌಕ. ಹಳೆಯದನ್ನು ಕಿತ್ತು ಪೈಪು ಸಿದ್ಧ ಮಾಡಿದ್ದರೆ ಜೋಡಣೆ ಒಂದೆರಡು ದಿನದ ಕೆಲಸ. ಫುಲ್ಲರ್‌ನ ನಾಲ್ಕು ತುಂಡಿನ ಯೋಚನೆ ಗೆದ್ದದ್ದು ಹೀಗೆ.

ಇದಕ್ಕೂ ಷರತ್ತುಗಳಿವೆ. ಹಲಗೆಯ ಹಿಂದೆ ಸಂದು ಬಿಡಬೇಕಾದ್ದರಿಂದ ಮೊದಲೇ ಚಿಕ್ಕದಾದ ಬಚ್ಚಲು ಇನ್ನಷ್ಟು ಕುಗ್ಗುತ್ತದೆ. ತಟ್ಟೆಯ ದಪ್ಪಕ್ಕೆ ಬಾಗಿಲಲ್ಲಿ ಮೆಟ್ಟಿಲು ಬಂದರೆ ವಯಸ್ಸಾದವರು ಮುಗ್ಗರಿಸುತ್ತಾರೆ. ಕೊಲ್ಲಿಯ ಫ್ಲ್ಯಾಟುಗಳಲ್ಲಿ ಗೀಸರ್ ಹೆಚ್ಚಾಗಿ ಫಾಲ್ಸ್ ಸೀಲಿಂಗ್ ಮೇಲೆ ಮಲಗಿರುತ್ತದೆ. ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿನ ನೀರು ಮೈ ಸುಡುವಾಗ, ಸ್ವಿಚ್ ಆರಿಸಿದ ಗೀಸರಿನಲ್ಲಿ ನಿಂತ ನೀರನ್ನೇ ತಣ್ಣೀರಾಗಿ ಬಳಸುವ ಉಪಾಯ ಅಲ್ಲಿಯ ಎಲ್ಲರಿಗೂ ಗೊತ್ತು. ಹಾಗಾಗಿ ಮುಚ್ಚಳದಲ್ಲಿ ಗೀಸರಿಗೆ ಕೈ ಹೋಗುವ ಕಿಂಡಿ ಇರಲೇಬೇಕು. ನಮ್ಮ ಕರಾವಳಿಯ ಹಿರಿಯರು ಬಚ್ಚಲನ್ನು ಮನೆಯಿಂದ ಬೇರೆಯಾಗಿ ಕಟ್ಟಿದ್ದು ಸುಮ್ಮನಲ್ಲ. ಫ್ಲ್ಯಾಟಿನಲ್ಲಿ ಆ ದೂರವಿಲ್ಲ; ನಮ್ಮ ಕೊಳೆನೀರಿನ ಪೈಪು ಎಷ್ಟೋ ಕಡೆ ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಓಡುತ್ತದೆ. ಹೊರಹರಿವಿನ ಜಾಗ ಬದಲಿಸುವುದೆಂದರೆ ಅವರ ಮನೆ ಬಾಗಿಲು ತಟ್ಟುವುದೇ.

ಆದ್ದರಿಂದ ಜುಫೈರ್‌ನಲ್ಲಿ ಬಚ್ಚಲು ಬದಲಿಸಹೊರಟವರು ಪಾಡ್‌ನ ಚಿತ್ರಗಳಿಗೆ ಮರುಳಾಗದೆ ಹಲಗೆಯ ಬಚ್ಚಲನ್ನೇ ಕೇಳಿ. ಮುಂಗಡ ಕೊಡುವ ಮೊದಲು ಲಿಫ್ಟಿನ ಒಳ ಅಳತೆ, ಬಾಗಿಲಿನ ಅಗಲ, ನೀರು ಹೊರಹೋಗುವ ನೆಲದ ಟ್ರ್ಯಾಪ್ ಗೋಡೆಯಿಂದ ಎಷ್ಟು ದೂರ ಎಂಬ ಮೂರನ್ನೂ ಬರೆದುಕೊಳ್ಳಿ. ಟ್ರ್ಯಾಪಿನ ಜಾಗ ತಟ್ಟೆಗೆ ಹೊಂದದಿದ್ದರೆ ಟೈಲ್ಸ್ ಮೇಸ್ತ್ರಿಯನ್ನೇ ಕರೆಯುವುದು ಮೇಲು.